ಯಾರ ಮಗನಪ್ಪ ನೀನು?

ಶಿಡ್ಲಘಟ್ಟದಲ್ಲಿ ಬಸ್ಸು ಹತ್ತಿ ದಿಬ್ಬೂರಹಳ್ಳಿಯತ್ತ ಹೊರಟರೆ ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳು ಕಾಣಸಿಗುತ್ತವೆ. ಇದು ರೇಷ್ಮೆಯ ಸೀಮೆ. ಮನೆಯ ಹೊರಗೋಡೆಗೆ ಒರಗಿಸಿಟ್ಟ ಬಿದಿರಿನ ಚಂದ್ರಿಕೆಗಳನ್ನು ನೀವೂ ನೋಡಿರಬಹುದು. ಹುಳು ಹಣ್ಣಾದಾಗ ಆರಿಸಿ ಚಂದ್ರಿಕೆಗೆ ಬಿಡುವ ಕೆಲಸ ತಡವಾಗುವಂತಿಲ್ಲ. ಮನೆಯವರ ಕೈ ಸಾಲದಿದ್ದರೆ ಅಕ್ಕಪಕ್ಕದವರು ಬರಬೇಕು. ಹೀಗಾಗಿ ಯಾರ ಮನೆಯ ಹುಳು ಎಷ್ಟನೇ ಜ್ವರದಲ್ಲಿದೆ ಎಂಬುದು ಬೀದಿಗೆಲ್ಲ ಗೊತ್ತಿರುತ್ತದೆ.

ದಿಬ್ಬೂರಹಳ್ಳಿಯಲ್ಲಿ ಪೊಲೀಸ್ ಠಾಣೆಯಿದೆ. ಆದರೆ ಇಂಥ ಊರುಗಳಲ್ಲಿ ಶಾಲೆ ತಪ್ಪಿಸಿ ನಿಂತ ಹುಡುಗನನ್ನು ಮೊದಲು ವಿಚಾರಿಸುವವರು ಪೊಲೀಸರಲ್ಲ, ದಾರಿಯಲ್ಲಿ ಹೋಗುವ ಹಿರಿಯರು. ‘ಯಾರ ಮಗನಪ್ಪ ನೀನು?’

ಹೆಚ್ಚುಕಡಿಮೆ ಇದೇ ವಿಷಯವನ್ನು ಸಾವಿರಾರು ಮೈಲಿ ದೂರದ ಅಮೆರಿಕದ ಶಿಕಾಗೋ ನಗರದಲ್ಲಿ ಸಂಶೋಧಕರು ಅಧ್ಯಯನ ಮಾಡಿದ್ದಾರೆ. 1995ರಲ್ಲಿ ಅಲ್ಲಿನ 343 ಬಡಾವಣೆಗಳ 8,782 ನಿವಾಸಿಗಳನ್ನು ಕೇಳಲಾಯಿತು: ಮಕ್ಕಳು ಶಾಲೆ ತಪ್ಪಿಸಿ ಬೀದಿಮೂಲೆಯಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ಏನಾದರೂ ಮಾಡುತ್ತಾರೆಯೇ? ಮನೆಯೆದುರು ಹೊಡೆದಾಟವಾದರೆ? ರಾಬರ್ಟ್ ಸ್ಯಾಂಪ್ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು 1997ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಪರಸ್ಪರ ನಂಬಿಕೆ ಮತ್ತು ಮುಂದೆ ಬಂದು ಕೇಳುವ ಮನಸ್ಸು ಎರಡೂ ಇದ್ದ ಕಡೆ ಹಿಂಸೆ ಕಡಿಮೆ. ಬಡತನ ಒಂದೆಡೆ ಮಡುಗಟ್ಟಿದಾಗ, ಜನ ಪದೇ ಪದೇ ಮನೆ ಬದಲಿಸಿದಾಗ ಈ ನಂಬಿಕೆ ಬೇರೂರುವುದು ಕಷ್ಟ. ಇದನ್ನವರು ‘ಸಾಮೂಹಿಕ ಸಾಮರ್ಥ್ಯ’ ಎಂದು ಕರೆದರು.

ಹಾಗೆಂದು ಹಳ್ಳಿಯೆಲ್ಲ ಚೆನ್ನ, ನಗರವೆಲ್ಲ ಕೆಟ್ಟದ್ದು ಎನ್ನುವಂತಿಲ್ಲ. ‘ಯಾರ ಮಗ’ ಎಂಬ ಪ್ರಶ್ನೆಗೆ ಎರಡು ಮುಖವಿದೆ. ಒಂದು ಕಾಳಜಿಯದು; ಇನ್ನೊಂದು ಜಾತಿ, ಕೇರಿ ತಿಳಿದು ದೂರವಿಡುವುದು. ಊರಿನ ಅರ್ಧ ಮಕ್ಕಳನ್ನು ಹೊರಗಿಟ್ಟ ‘ನಮ್ಮವರು’ ಊರನ್ನು ಕಾಯಲಾರದು. ನೆರೆಯವರು ನೆಂಟರೋ ಆಪ್ತರೋ ಆಗಿರಲೇಬೇಕಿಲ್ಲ, ಕಷ್ಟಕ್ಕೆ ಆಗುತ್ತಾರೆಂಬ ಭರವಸೆ ಸಾಕು ಎಂಬುದು ಸ್ಯಾಂಪ್ಸನ್ ಅವರ ಮಾತಿನ ಸಾರ.

ಈ ಮಾತು ಇಂದಿನ ವಿದ್ಯಾರ್ಥಿಗಳಿಗೆ ಬೇಕು. ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋದ ಹುಡುಗ ವರ್ಷಕ್ಕೊಂದು ಕೋಣೆ ಬದಲಿಸುತ್ತಾನೆ. ಅಲ್ಲಿ ಅವನನ್ನು ‘ಯಾರ ಮಗ’ ಎಂದು ಕೇಳುವವರಿಲ್ಲ. ಅವನಿಗೂ ಅದು ಹಾಯೆನಿಸುತ್ತದೆ, ಜ್ವರ ಬಂದು ಮಲಗುವವರೆಗೆ.

ಮಕ್ಕಳನ್ನು ಕೋಣೆಗೆ ಸೇರಿಸುವಾಗ ತಂದೆತಾಯಂದಿರು ನೀರು, ಬೀಗ ಎಲ್ಲ ಪರೀಕ್ಷಿಸುತ್ತಾರೆ. ಹೊರಡುವ ಮುನ್ನ ಪಕ್ಕದ ಮನೆಯ ಬಾಗಿಲನ್ನೂ ತಟ್ಟಿ, ಮಗನ ಹೆಸರು ಹೇಳಿ ಬರಲಿ.