ಗೇರು ಬಿಡಿಸುವ ಮುನ್ನ

1997ರ ಬಸವ ಜಯಂತಿಯ ಹಿಂದಿನ ದಿನ. ದಾಸೋಹಕ್ಕೆಂದು ಅಕ್ಕಿ, ಬೇಳೆ, ತರಕಾರಿಗಳನ್ನು ಹೇರಿಕೊಂಡು ಕೆಂಗೇರಿಯಿಂದ ಉಲ್ಲಾಳಕ್ಕೆ ಬರುತ್ತಿದ್ದ ನಮ್ಮ ಹಳೆಯ ಪಿಕಪ್ ವಾಹನವು ಕೆರೆಯ ಕಡೆಗಿನ ಇಳಿಜಾರಿನಲ್ಲಿ ನಿಂತುಬಿಟ್ಟಿತು. ಕ್ಲಚ್ಚಿನ ತಂತಿ ತುಂಡಾಗಿತ್ತು. ಎಂಜಿನ್ ಆರಿತ್ತು. ಗೇರು ಎರಡನೆಯದರಲ್ಲಿಯೇ ಕಚ್ಚಿಕೊಂಡಿತ್ತು.

ಹೊತ್ತು ಮೀರುತ್ತಿತ್ತು. ಅವಸರದಲ್ಲಿ ನಾವು ಮಾಡಿದ ತಪ್ಪನ್ನು ಇಲ್ಲಿ ಮರೆಮಾಚುವುದಿಲ್ಲ. ಮನೆಯ ಹುಡುಗರನ್ನು ವಾಹನದ ಮುಂದೆ ನಿಲ್ಲಿಸಿ, ಹಿಂದಕ್ಕೆ ನೂಕಿರೆಂದು ಹೇಳಿ, ಗೇರಿನ ಹಿಡಿಯನ್ನು ಬಲವಾಗಿ ಎಳೆದೆವು. ಗೇರು ಬಿಟ್ಟಿತು. ಆ ಕ್ಷಣವೇ ವಾಹನವು ಮುಂದಕ್ಕೆ ಉರುಳಿತು. ಬ್ರೇಕ್ ತುಳಿದೆವು, ಅದು ಕಲ್ಲಿನಂತೆ ಬಿಗಿದಿತ್ತು. ಕಿರಿಯ ಮಗನು ಪಕ್ಕಕ್ಕೆ ಹಾರಿದನು. ಅವನು ನಿಂತಿದ್ದ ಜಾಗವನ್ನು ದಾಟಿದ ವಾಹನವು ರಸ್ತೆಯಂಚಿನ ಮಣ್ಣಿನ ಗುಡ್ಡೆಗೆ ತಾಗಿ ನಿಂತಿತು.

ನೆರವಿಗೆ ಬಂದ ಹಿರಿಯ ಚಾಲಕರೊಬ್ಬರು ಗದರಿಸಲಿಲ್ಲ, ಕಾರಣವನ್ನು ತಿಳಿಸಿದರು. ಇಳಿಜಾರಿನಲ್ಲಿ ವಾಹನದ ಭಾರವೆಲ್ಲ ಗೇರಿನ ಹಲ್ಲುಗಳ ಮೇಲೆಯೇ ನಿಂತಿರುತ್ತದೆ. ಆದುದರಿಂದಲೇ ಅದು ಬಿಗಿಯಾಗಿರುತ್ತದೆ, ಬಿಟ್ಟೊಡನೆ ಹಿಡಿಯುವವರು ಯಾರೂ ಇರುವುದಿಲ್ಲ. ಎಂಜಿನ್ ಆರಿದ ಮೇಲೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಬ್ರೇಕಿಗೆ ದೊರೆಯುವ ಸಹಾಯವೂ ಮುಗಿಯುತ್ತದೆ. ಬಳಿಕ ಮೈಭಾರ ಹಾಕಿ ತುಳಿಯಬೇಕು.

ಅವರು ಹೇಳಿದ ಕ್ರಮವಿದು. ಮೊದಲು ಹ್ಯಾಂಡ್ ಬ್ರೇಕ್ ಎಳೆಯಬೇಕು. ತಗ್ಗಿನ ಕಡೆಯಿಂದ ಎರಡು ಚಕ್ರಗಳಿಗೆ ದೊಡ್ಡ ಕಲ್ಲುಗಳನ್ನು ಕೊಡಬೇಕು. ಕೈಯಿಂದಲ್ಲ, ಪಕ್ಕದಲ್ಲಿ ನಿಂತು ಉದ್ದನೆಯ ಕೋಲಿನಿಂದ ಅವನ್ನು ಒತ್ತಬೇಕು. ಸ್ಟಿಯರಿಂಗ್ ಬೀಗ ಬೀಳದಂತೆ ಕೀಲಿಯನ್ನು ತಿರುಗಿಸಿಡಬೇಕು. ವಾಹನದ ಮುಂದೆ ಯಾರೂ ನಿಲ್ಲಬಾರದು. ಮೇಲಿನ ಕಡೆಯಿಂದ, ತುಸು ಪಕ್ಕಕ್ಕೆ ನಿಂತು, ಹಗ್ಗದಿಂದ ಹ್ಯಾಂಡ್ ಬ್ರೇಕ್ ಸಡಿಲಿಸಿ ಸ್ವಲ್ಪವೇ ಹಿಂದಕ್ಕೆ ಜಗ್ಗಿ, ಕಲ್ಲುಗಳನ್ನು ಇನ್ನೂ ಒಳಕ್ಕೆ ಸರಿಸಿ, ಮತ್ತೆ ಬ್ರೇಕ್ ಬಿಗಿಯಬೇಕು. ಭಾರವು ಕಲ್ಲಿಗೆ ಇಳಿದರೆ ಹಲ್ಲು ಸಡಿಲಗೊಂಡು, ಕ್ಲಚ್ ಇಲ್ಲದಿದ್ದರೂ ಹಿಡಿಯು ಮೆಲ್ಲನೆ ನ್ಯೂಟ್ರಲ್‌ಗೆ ಬರುತ್ತದೆ. ಎಡಬಲಕ್ಕೆ ಸರಾಗವಾಗಿ ಆಡಿದರೆ ಬಂದಿತೆಂದು ತಿಳಿಯಬೇಕು. ಬಾರದಿದ್ದರೆ ಬಲಪ್ರಯೋಗ ಸಲ್ಲದು. ಮೆಕ್ಯಾನಿಕ್‌ಗೆ ಕಾಯುವುದೇ ಸರಿ.

ಮರುದಿನ ದಾಸೋಹವು ನಡೆಯಿತು. ಮಗನು ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದುದನ್ನು ಕಂಡು ನಾವು ಬಹಳ ಹೊತ್ತು ಮಾತನಾಡಲಿಲ್ಲ. ದಾಸೋಹದ ಅನ್ನವು ಅರ್ಧ ಗಂಟೆ ತಡವಾಗಿ ಬಂದಿದ್ದರೂ ಯಾರೂ ಹಸಿದು ಹೋಗುತ್ತಿರಲಿಲ್ಲ. ಕಾಯಕದಲ್ಲಿ ಶ್ರದ್ಧೆಯೆಂದರೆ ಅವಸರವಲ್ಲ. ಇಂದಿಗೂ ನಮ್ಮ ಮನೆಯ ವಾಹನದ ಹಿಂಭಾಗದಲ್ಲಿ ಎರಡು ಮರದ ತುಂಡುಗಳೂ ಒಂದು ಹಗ್ಗವೂ ಇರುತ್ತವೆ. ಬಂಧುಗಳು ತಮ್ಮ ವಾಹನಗಳಲ್ಲಿಯೂ ಅವನ್ನು ಇರಿಸಿಕೊಳ್ಳಲೆಂಬುದು ನಮ್ಮ ಬಿನ್ನಹ.