ಪಿಟೀಲು ಹಿಡಿದ ಸಿಪಾಯಿ

ಪಿಟೀಲು ಎಂದರೆ ನಮಗೆ ಚೌಡಯ್ಯನವರೇ. ಆದರೆ ಸೈನ್ಯದ ಬ್ಯಾಂಡಿನಲ್ಲಿ ಬೆಳೆದು ಪಿಟೀಲಿನಿಂದಲೇ ದೇಶಸೇವೆ ಮಾಡಿದವರೊಬ್ಬರಿದ್ದರು: ರಾಮ್ ಸಿಂಗ್ ಠಾಕುರಿ. 1914ರಲ್ಲಿ ಧರ್ಮಶಾಲೆಯ ಬಳಿ ಹುಟ್ಟಿದ ಗೂರ್ಖಾ ಹುಡುಗ, ಚಿಕ್ಕಂದಿನಲ್ಲೇ ಬ್ರಿಟಿಷರ ಪಲ್ಟನ್ ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರಿಗೆ ಸೆರೆಸಿಕ್ಕಿ, ಆಜಾದ್ ಹಿಂದ್ ಫೌಜಿಗೆ ಬಂದರು. ಅವರ ಕೈಗೆ ಪಿಟೀಲು ಕೊಟ್ಟವರು ಸ್ವತಃ ನೇತಾಜಿಯವರಂತೆ. ‘ಕದಂ ಕದಂ ಬಢಾಯೇ ಜಾ’ಗೆ ಮಟ್ಟು ಹಾಕಿದ್ದು ಇವರೇ. ಸ್ವಾತಂತ್ರ್ಯ ಬಂದ ಮೇಲೆ ಲಖನೌದಲ್ಲಿ ಪೊಲೀಸ್ ಬ್ಯಾಂಡ್ ನಡೆಸಿ, 2002ರಲ್ಲಿ ತೀರಿಕೊಂಡರು.

ಕವಾಯತಿನಲ್ಲಿ ನಮ್ಮ ಕಣ್ಣೆಲ್ಲ ಹೆಜ್ಜೆ ಹಾಕುವವರ ಮೇಲೆ; ಮೂಲೆಯಲ್ಲಿ ನಿಂತು ನುಡಿಸುವವರನ್ನು ನೋಡುವವರಾರು? ಹಬ್ಬದ ದಿನ ಒಲೆಯ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಶಾಲೆಯಲ್ಲೂ ಪ್ರತಿ ಆಗಸ್ಟ್ 15ಕ್ಕೆ ಇದೇ ಹಾಡು. ಈ ಸಲ ಹಾಡಿಗೂ ಮೊದಲು ಏಳನೆಯ ತರಗತಿಯ ಹುಡುಗಿಯಿಂದ ಅವರ ಹೆಸರು ಹೇಳಿಸಿದೆ. ‘ಠಾಕುರಿ’ ಎನ್ನಲು ಎರಡು ಸಲ ತಡವರಿಸಿದಳು. ಮೂರನೆಯ ಸಲ ಮೈಕೇ ನಡುಗುವಂತೆ ಹೇಳಿದಳು.