ಮಳೆಗಾಲದ ಮರದಚ್ಚು

ಮರದ ಮೇಲೆ ಚಿತ್ರ ಕೊರೆದು ಕಾಗದಕ್ಕೆ ಅಚ್ಚೊತ್ತುವವರಿಗೆ ಮಲೆನಾಡಿನ ಬಾಳಗಡಿಯಂಥ ಊರು ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಪೇಟೆಯ ಕಲಾವಿದರಿಗೆ ಇದು ವಿಚಿತ್ರವಾಗಿ ಕೇಳೀತು. ಮಳೆ ಹಿಡಿದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ. ಪುಸ್ತಕದ ಬೆನ್ನಿಗೆ ಬೂಷ್ಟು ಬರುತ್ತದೆ. ಎಣ್ಣೆಶಾಯಿಯಲ್ಲಿ ಒತ್ತಿದ ಅಚ್ಚು ದಿನಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಆದರೆ ಅಚ್ಚಿಗೆ ಎಣ್ಣೆಯೇ ಬೇಕೆಂದೇನೂ ಇಲ್ಲ. ಜಪಾನಿನ ಹೊಕುಸಾಯ್‌ನ ಆ ಹೆಸರಾಂತ ದೊಡ್ಡ ಅಲೆಯ ಚಿತ್ರ, ಸುಮಾರು 1831ರದ್ದು, ಚೆರಿ ಮರದ ಹಲಗೆ, ನೀರಿನಲ್ಲಿ ಕಲಸಿದ ಬಣ್ಣ ಮತ್ತು ತೇವದ ಕಾಗದದಿಂದ ಹುಟ್ಟಿದ್ದು. ಆ ವಿಧಾನದಲ್ಲಿ ಕಾಗದ ಹದವಾಗಿ ಹಸಿಯಾಗಿರಬೇಕು. ಬೇಸಿಗೆಯಲ್ಲಿ ಆ ಹದ ಕಾಯುವುದೇ ದೊಡ್ಡ ಕೆಲಸ. ಆಷಾಢದಲ್ಲಿ ನಮ್ಮ ಗಾಳಿಯೇ ಅದನ್ನು ಕಾಯುತ್ತದೆ.

ಕೆಲಸದ ಕ್ರಮ ಸರಳ. ಹಲಗೆಯ ಉಬ್ಬಿನ ಮೇಲೆ ಕುಂಚದಿಂದ ಬಣ್ಣ ಹಚ್ಚಿ, ಅದರ ಪಕ್ಕಕ್ಕೆ ಅಕ್ಕಿಹಿಟ್ಟಿನ ಸರಿ ಒಂದಿಷ್ಟು ಇಟ್ಟು, ಎರಡನ್ನೂ ಹಲಗೆಯ ಮೇಲೆಯೇ ತಿಕ್ಕಿ ಬೆರೆಸಬೇಕು. ಸರಿ ಕಡಿಮೆಯಾದರೆ ಬಣ್ಣ ಕಾಳುಕಾಳಾಗಿ ಕೂರುತ್ತದೆ, ಹೆಚ್ಚಾದರೆ ಕಾಗದ ಹಲಗೆಯನ್ನು ಬಿಟ್ಟು ಬರುವುದಿಲ್ಲ. ಮಳೆಗಾಲದಲ್ಲಿ ಸರಿಗೂ ಬೂಷ್ಟಿನ ಭಯ. ಲವಂಗದೆಣ್ಣೆಯ ಒಂದು ತೊಟ್ಟು ಹಾಕಿದರೆ ತಡೆಯುತ್ತದೆ. ಕಾಗದ ಹತ್ತಿಯ ಅರಿವೆಯಿಂದ ಮಾಡಿದ ಕೈಕಾಗದವಾದರೆ ಉತ್ತಮ. ಪುದುಚೇರಿಯ ಅರವಿಂದಾಶ್ರಮದ ಕಾಗದ ನನಗೆ ಒಗ್ಗಿದೆ. ಬಣ್ಣ ಕಾಗದದ ಮೇಲೆ ಪದರವಾಗಿ ಕೂರದೆ ನಾರಿನೊಳಗೆ ಇಳಿಯುತ್ತದೆ. ಕಾಗದ ತಿರುಗಿಸಿ ನೋಡಿದರೆ ಬೆನ್ನಿನಲ್ಲೂ ಚಿತ್ರದ ಮಸುಕು ಕಾಣುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಪ್ರಿಯವಾದದ್ದು ಆ ಬೆನ್ನು.

ಒತ್ತಲು ಯಂತ್ರ ಬೇಡ. ಜಪಾನಿನಲ್ಲಿ ಬಿದಿರು ನಾರಿನ ಹುರಿಯನ್ನು ಬಿಲ್ಲೆಯಂತೆ ಸುತ್ತಿ, ಅದಕ್ಕೆ ಬಿದಿರಿನ ಹಾಳೆ ಹೊದಿಸಿ ಅಂಗೈಯಗಲದ ಉಜ್ಜುಗೆ ಮಾಡಿಕೊಳ್ಳುತ್ತಾರೆ; ಬಾರೆನ್ ಎಂದು ಅದರ ಹೆಸರು. ಅಡಿಕೆ ಹಾಳೆಯ ನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಳೆಯಿಂದ ತಲೆಗೆ ಟೋಪಿ, ಊಟಕ್ಕೆ ತಟ್ಟೆ, ನೀರೆತ್ತಲು ದೊನ್ನೆ ಮಾಡಿದ ಕೈಗಳು ನಮ್ಮವು. ಬಿದ್ದ ಹೊಸ ಹಾಳೆಯನ್ನು ನೆನೆಸಿ, ನಯವಾದ ಒಳಮೈ ಹೊರಗೆ ಬರುವಂತೆ ತೆಂಗಿನ ಹುರಿಯ ಬಿಲ್ಲೆಗೆ ಬಿಗಿದು ಕಟ್ಟಿ, ನೆರಳಲ್ಲಿ ಒಣಗಿಸಿದರೆ ನಮ್ಮ ಉಜ್ಜುಗೆ ಸಿದ್ಧ. ಕೊಬ್ಬರಿ ಎಣ್ಣೆಯ ಪಸೆ ಸವರಿಕೊಂಡರೆ ಕಾಗದದ ಮೇಲೆ ತಡೆಯಿಲ್ಲದೆ ಸರಿಯುತ್ತದೆ. ಬಿದಿರಿನಷ್ಟು ಬಾಳಿಕೆ ಇದಕ್ಕಿಲ್ಲ, ಎಳೆಗುಂಟ ಸೀಳುತ್ತದೆ. ಸೀಳಿದರೇನು, ತೋಟದಲ್ಲಿ ಹಾಳೆಗೆ ಬರವೇ?

ಬಣ್ಣವೂ ತೋಟದ್ದೇ. ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದ ಮೇಲೆ ಉಳಿಯುವ ಚೊಗರು ಕಾಗದದ ಮೇಲೆ ಕೆಂಗಂದಾಗಿ ನಿಲ್ಲುತ್ತದೆ. ಹೆಗ್ಗೋಡಿನ ಕಡೆ ಚರಕ ಸಂಸ್ಥೆಯವರು ಇದರಿಂದಲೇ ನೂಲಿಗೆ ಬಣ್ಣ ಕಟ್ಟುತ್ತಾರೆ. ಚೊಗರಿನಲ್ಲಿರುವುದು ಟ್ಯಾನಿನ್, ಅದಕ್ಕೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿ ಸೋಸಿದ ರಸವನ್ನು ಹನಿಹನಿಯಾಗಿ ಸೇರಿಸುತ್ತ ಹೋದರೆ ಕಂದಿನಿಂದ ಬೂದಿಗೆ, ಬೂದಿಯಿಂದ ಮಳೆಮೋಡದ ಕಪ್ಪಿಗೆ ಒಂದೇ ಬಟ್ಟಲಿನಲ್ಲಿ ದಾಟಬಹುದು. ಆದರೆ ಕಬ್ಬಿಣದ ಕಪ್ಪು ಮಿತಿಮೀರಿದರೆ ಕಾಲ ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ಬಾಳುವ ಕಪ್ಪು ಬೇಕಾದರೆ ಇದ್ದಿಲು, ಕಾಡಿಗೆಗಳೇ ಗತಿ. ಶೃಂಗೇರಿ ಮಠದ ಲೆಕ್ಕಪತ್ರಗಳು ಇದ್ದದ್ದು ಕಡತಗಳಲ್ಲಿ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದರೆ ಕಡತ, ಅದರ ಮೇಲೆ ಬಳಪದ ಬರಹ. ಇದ್ದಿಲು ಹಿಡಿದು ನಿಲ್ಲಿಸುವ ಆ ಹುಣಸೆಬೀಜದ ಸರಿಯನ್ನು ನಾನು ಕಪ್ಪು ಒತ್ತುವ ಹಲಗೆಗೆ ಬಳಸುತ್ತೇನೆ. ಅಕ್ಕಿಯ ಸರಿಗಿಂತ ಅದು ಗಟ್ಟಿ ಹಿಡಿತದ್ದು.

ಇನ್ನು ಮರ. ಕೊರೆಯುವುದು ಸಲೀಸು ಎಂದು ಬಹಳ ಮಂದಿ ಈಗ ಲಿನೋಲಿಯಂ ಹಿಡಿಯುತ್ತಾರೆ. ಅದನ್ನು ಹೀಗಳೆಯಲಾರೆ, 1930ರಲ್ಲಿ ನಂದಲಾಲ್ ಬೋಸರು ಕೋಲೂರಿ ನಡೆಯುವ ಗಾಂಧೀಜಿಯನ್ನು ಕೊರೆದದ್ದು ಅದರಲ್ಲೇ. ಆದರೂ ಲಿನೋಲಿಯಂಗೆ ತನ್ನದೆಂಬ ಮೈಯಿಲ್ಲ. ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್‌ನ ಹಲಗೆಯನ್ನು ತಂತಿಬ್ರಷ್ಷಿನಿಂದ ಉಜ್ಜಿ, ಏನೂ ಕೊರೆಯದೆ ಬಣ್ಣ ಹಚ್ಚಿ ಒತ್ತಿದರೂ ಚಿತ್ರವಾಗುತ್ತದೆ. ಅದರ ಅಗಲ ಮಚ್ಚೆಗಳು ಗಾಳಿಗೆ ಓರೆಯಾಗಿ ಬೀಳುವ ಮಳೆಯಂತೆಯೇ ಮೂಡುತ್ತವೆ. ಗೆರೆಗಳಿಗೆ ಶಿವನೆ ಒಳ್ಳೆಯದು, ನೀರು ಕುಡಿದರೂ ಸೊಟ್ಟಗಾಗುವುದು ಕಡಿಮೆ. ಬೀಟೆ ಚೆಲುವಾದ ಮರ, ಆದರೆ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಅದನ್ನು ಬಾಗಿಲಿಗೇ ಬಿಡುವುದು ಸರಿ.

ಹಲಗೆಗೆ ಒಂದು ಹಟವಿದೆ. ಎಳೆಗುಂಟ ಉಳಿ ಓಡುತ್ತದೆ, ಎಳೆಗೆ ಅಡ್ಡ ಬಂದರೆ ಮರ ಸಿಬಿರೇಳುತ್ತದೆ. ನೇರ ಗೆರೆಯ ಲಿಪಿಗಳಿಗೆ ಇದು ಅಷ್ಟು ಕಷ್ಟವಲ್ಲ. ಕನ್ನಡ ಮಾತ್ರ ಮೈಯೆಲ್ಲ ಗುಂಡು. ಒಂದು ‘ಠ’ ಕೊರೆಯುವಾಗ ಉಳಿ ಸುತ್ತು ಮುಗಿಸುವುದರೊಳಗೆ ಎರಡು ಸಲ ಎಳೆಗುಂಟ, ಎರಡು ಸಲ ಎಳೆಗಡ್ಡ ಹಾಯಬೇಕು; ಅದೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ. ಇದಕ್ಕೆ ಮದ್ದು ಕಾಂಡವನ್ನು ಅಡ್ಡಕ್ಕೆ ಕೊಯ್ಯುವುದು. ಅಡ್ಡಕೊಯ್ತದ ಮುಖದಲ್ಲಿ ಎಳೆಗಳೆಲ್ಲ ನೆಟ್ಟಗೆ ನಿಂತಿರುವುದರಿಂದ ಉಳಿಗೆ ಎತ್ತ ಹೋದರೂ ಒಂದೇ. ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ 1797 ಮತ್ತು 1804ರಲ್ಲಿ ಎರಡು ಸಂಪುಟವಾಗಿ ತಂದ ಹಕ್ಕಿಗಳ ಪುಸ್ತಕದ ಚಿತ್ರಗಳು ಹೀಗೆ ಬಾಕ್ಸ್‌ವುಡ್‌ನ ಅಡ್ಡಮುಖದ ಮೇಲೆ ಕೊರೆದವು. ಗರಿಯ ಒಂದೊಂದು ಎಳೆಯೂ ಅಲ್ಲಿ ಬಿಳಿ ಗೆರೆ. ಬಾಕ್ಸ್‌ವುಡ್ ನಮ್ಮಲ್ಲಿಲ್ಲ. ಕಾಫಿ ಇದೆ.

ಹಳೆಯ ಕಾಫಿ ಗಿಡದ ಬೊಡ್ಡೆ ತಿಳಿ ಬಣ್ಣದ್ದು, ಭಾರದ್ದು, ಒತ್ತೊತ್ತಾದ ಮೈಯದ್ದು. ನುಣುಪು ಮಾಡಿದರೆ ದಂತದ ಹಾಗೆ ಹೊಳೆಯುತ್ತದೆ. ಕೂದಲೆಳೆಯಂಥ ಗೆರೆಯೂ ಅದರಲ್ಲಿ ಮುರಿಯದೆ ನಿಲ್ಲುತ್ತದೆ. ತೊಂದರೆ ಎರಡು. ನಡುವೆ ಮೆತ್ತಗಿನ ತಿರುಳಿದೆ, ಅದನ್ನು ತಪ್ಪಿಸಬೇಕು. ಎರಡನೆಯದು ಬಿರುಕು. ಒಣಗುವಾಗ ಮರ ಸುತ್ತಳತೆಯಲ್ಲಿ ಕುಗ್ಗುವಷ್ಟು ನಡುವಿನಿಂದ ಹೊರಕ್ಕೆ ಕುಗ್ಗುವುದಿಲ್ಲ. ಇಡೀ ಬಿಲ್ಲೆ ಅದರ ಎಳೆತಕ್ಕೆ ಸೀಳಲೇಬೇಕು. ಆದ್ದರಿಂದ ಬೊಡ್ಡೆಯನ್ನು ಮೊದಲೇ ನಡುವಿನಲ್ಲಿ ಸೀಳಿ, ತುದಿಗಳಿಗೆ ಜೇನುಮೇಣ ಬಳಿದು, ಅಟ್ಟದ ನೆರಳಲ್ಲಿ ನಿಧಾನವಾಗಿ ಒಣಗಿಸಬೇಕು. ಬಳಿಕ ತುಂಡುಗಳನ್ನು ಚೌಕ ಮಾಡಿ ಜೋಡಿಸಿ ಅಂಟಿಸಿದರೆ ಎಷ್ಟಗಲದ ಅಚ್ಚಾದರೂ ಆಗುತ್ತದೆ. ಸಣ್ಣ ಬುಡದ ಬಾಕ್ಸ್‌ವುಡ್‌ಗೂ ಲಂಡನ್ನಿನವರು ಇದನ್ನೇ ಮಾಡಿದರು. ಹತ್ತೊಂಬತ್ತನೆಯ ಶತಮಾನದ ಸಚಿತ್ರ ಪತ್ರಿಕೆಗಳ ದೊಡ್ಡ ಚಿತ್ರಗಳು ಬೋಲ್ಟು ಬಿಗಿದು ಕೂಡಿಸಿದ ತುಂಡುಗಳ ಮೇಲೆ ಮೂಡಿದವು. ಕಾಫಿಯ ಅಡ್ಡಮುಖದ ಮೇಲೆ ಕನ್ನಡ ಕೊರೆದು ನೋಡಿದವರು ಮತ್ತೆ ಹಲಗೆಗೆ ಹೋಗಲಾರರು. ‘ಠ’ದ ಸುತ್ತು ಒಂದೇ ಉಸಿರಿಗೆ ಮುಗಿಯುತ್ತದೆ.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಈ ಗಿಡವನ್ನು ಬದುಕಿಸುವ ವಿದ್ಯೆ ಕಲಿಸುತ್ತ ಬಂದಿದೆ. ಸತ್ತ ಗಿಡದ ಮರ ಮಾತ್ರ ಇಂದಿಗೂ ಹಂಡೆ ಒಲೆಗೇ ಹೋಗುತ್ತಿದೆ. ಮರುನಾಟಿಗೆ ಗಿಡ ಕೀಳುವವರಲ್ಲಿ ನನ್ನ ಕೇಳಿಕೆ ಇಷ್ಟೆ: ಕಾಂಡಕೊರಕ ಹೊಕ್ಕದ್ದನ್ನು ಸುಟ್ಟುಬಿಡಿ, ಅದರಲ್ಲಿ ರಾಜಿ ಬೇಡ. ಗಟ್ಟಿ ಬೊಡ್ಡೆಗಳಲ್ಲಿ ಕೆಲವನ್ನು ಸೀಳಿ, ಮೇಣ ಬಳಿದು ಅಟ್ಟಕ್ಕೆ ಹಾಕಿ. ಒಣಗಿದ ಮೇಲೆ ಊರಿನ ಶಾಲೆಯ ಚಿತ್ರಕಲಾ ಮೇಷ್ಟರಿಗೆ ತಲುಪಿಸಿ.